ಅಕ್ಷರಗಳ ಉಡುಗೆ ತೊಡುಗೆ

ಮದುವೆಯ ಮನೆಗೆ ಹೋಗುವಾಗ ಪ್ರತಿಯೊಬ್ಬರೂ ತಮ್ಮ ಪೆಟ್ಟಿಗೆಯಲ್ಲಿರುವ ಅತ್ಯುತ್ತಮವಾದ ಬಟ್ಟೆಯನ್ನು ತೆಗೆದು ಉಟ್ಟುಕೊಂಡು ಹೋಗುವುದು ಲೋಕರೂಢಿ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೋ ತೆಗೆಯಬೇಕಾದ ಬಡಪಾಯಿಯ ಕಷ್ಟವನ್ನು ಯಾರೂ ಕೇಳುವುದಿಲ್ಲ. ಒಬ್ಬರ ಪೇಟ ಹಿಂದಿನವರ ಮುಖವನ್ನು ಮುಚ್ಚುತ್ತದೆ. ಇನ್ನೊಬ್ಬರ ಸೀರೆಯ ಜರಿ ಕ್ಯಾಮರಾದ ಕಣ್ಣನ್ನೇ ಕುಕ್ಕುತ್ತದೆ. ಮದುಮಕ್ಕಳು ಎಲ್ಲಿದ್ದಾರೆಂದು ಹುಡುಕಬೇಕಾಗುತ್ತದೆ. ನಮ್ಮ ಸಂಘದ ತ್ರೈಮಾಸಿಕ ಪತ್ರಿಕೆಗೆ ಬರುವ ಲೇಖನಗಳದೂ ಇದೇ ಕಥೆ. ಒಂದೊಂದೂ ತನ್ನ ಮನೆಯಿಂದ ತನಗೆ ಸರಿಕಂಡ ಉಡುಪನ್ನು ತೊಟ್ಟುಕೊಂಡೇ ಬರುತ್ತದೆ. ಎಲ್ಲವನ್ನೂ ಒಂದೇ ಪತ್ರಿಕೆಯ ಪುಟಗಳಲ್ಲಿ ಸಾಲಾಗಿ ನಿಲ್ಲಿಸುವ ಕೆಲಸ ನಮ್ಮ ಪಾಲಿಗೆ ಬಂದಿದೆ.

ನಾವು ಎಂದರೆ ಮೂರು ಜನ. ಒಬ್ಬರು ಬ್ಯಾಂಕಿನಿಂದ ನಿವೃತ್ತರಾದವರು, ಹುಬ್ಬಳ್ಳಿಯ ಕಡೆಯವರು. ಒಬ್ಬರು ಶಾಲೆಯಲ್ಲಿ ಪಾಠ ಹೇಳುವವರು. ಮೂರನೆಯವಳು ಮುಂಬಯಿಯಲ್ಲಿಯೇ ಹುಟ್ಟಿ ಬೆಳೆದ ಹುಡುಗಿ. ಕನ್ನಡವನ್ನು ಅಜ್ಜಿಯಿಂದಲೂ ಪುಟಕಟ್ಟುವ ವಿದ್ಯೆಯನ್ನು ತನ್ನ ಕಚೇರಿಯಿಂದಲೂ ಕಲಿತವಳು. ವರ್ಷಕ್ಕೆ ನಾಲ್ಕು ಸಂಚಿಕೆ. ಪ್ರತಿ ಸಂಚಿಕೆಗೆ ಮುಂಚೆ ಮೂರು ನಾಲ್ಕು ಭಾನುವಾರ ನಾವು ಸಂಘದ ಹಿಂದಿನ ಕೋಣೆಯಲ್ಲಿ ಒಂದು ಕಂಪ್ಯೂಟರಿನ ಮುಂದೆ ಮೂರು ಕುರ್ಚಿ ಹಾಕಿಕೊಂಡು ಕುಳಿತುಬಿಡುತ್ತೇವೆ. ಸಂಬಳವಿಲ್ಲ, ಚಹಾ ಉಂಟು. ಈ ಬರಹದಲ್ಲಿ ಹೇಳಲಿರುವ ತಪ್ಪು ಮೂವರದೂ ಕೂಡಿದ್ದಾದುದರಿಂದ ‘ನಾವು’ ಎಂದೇ ಬರೆಯುತ್ತಿದ್ದೇವೆ. ಇಂಥವರು ಮಾಡಿದರೆಂದು ಬೆರಳು ತೋರಿಸಲು ಯಾರಿಗೂ ಅವಕಾಶವಾಗಬಾರದು.

ಬರುವ ಲೇಖನಗಳ ವೇಷಗಳನ್ನು ನೋಡಬೇಕು! ಒಬ್ಬರು ಶೀರ್ಷಿಕೆಯನ್ನು ಸಾಲಿನ ನಡುವಿಗೆ ತರಲು ಸ್ಪೇಸ್ ಕೀಲಿಯನ್ನು ಇಪ್ಪತ್ತೇಳು ಸಲ ಒತ್ತಿರುತ್ತಾರೆ. ನಾವು ಎಣಿಸಿದ್ದೇವೆ. ಇನ್ನೊಬ್ಬರು ಒಂದು ಪ್ಯಾರಾಕ್ಕೂ ಮತ್ತೊಂದಕ್ಕೂ ನಡುವೆ ಮೂರು ಖಾಲಿ ಸಾಲು ಬಿಟ್ಟಿರುತ್ತಾರೆ. ಟೈಪ್‌ರೈಟರಿನ ಕಾಲದಿಂದ ಬಂದ ಹಿರಿಯರಿಗೆ ಅಡಿಗೆರೆ ಎಳೆಯದಿದ್ದರೆ ಮಾತಿಗೆ ತೂಕ ಬಂದಂತಾಗುವುದಿಲ್ಲ. ಕವಿಗಳಂತೂ ಒಂದೊಂದು ನುಡಿಗೆ ಒಂದೊಂದು ಬಣ್ಣ ಬಳಿದು ಕಳುಹಿಸುತ್ತಾರೆ; ನಮ್ಮ ಪತ್ರಿಕೆಯ ಒಳಪುಟಗಳು ಕಪ್ಪು ಬಿಳುಪಿನವು ಎಂಬುದನ್ನು ನಾವು ಎಷ್ಟು ಸಲ ತಿಳಿಸಿದರೂ ಅವರ ಉತ್ಸಾಹ ಕುಂದಿಲ್ಲ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ನಮಗೆ ಪ್ರತಿ ಭಾನುವಾರವೂ ನೆನಪಾಗುತ್ತದೆ.

ನಮ್ಮಲ್ಲಿ ಹಿರಿಯರು ಚಿಕ್ಕಂದಿನಲ್ಲಿ ಹುಬ್ಬಳ್ಳಿಯ ಒಂದು ಅಚ್ಚುಕೂಟದ ಬಾಗಿಲಲ್ಲಿ ನಿಂತು ಮೊಳೆ ಜೋಡಿಸುವುದನ್ನು ಗಂಟೆಗಟ್ಟಲೆ ನೋಡಿದವರು. ಅಲ್ಲಿ ಇಂಥ ಸ್ವೇಚ್ಛೆಗೆ ಎಡೆಯೇ ಇರಲಿಲ್ಲವೆಂದು ಅವರು ಹೇಳುತ್ತಾರೆ. ಅಕ್ಷರವೆಂದರೆ ಸೀಸದ ಮೊಳೆ. ದಪ್ಪ ಅಕ್ಷರ ಬೇಕೆಂದರೆ ದಪ್ಪ ಅಕ್ಷರದ ಮೊಳೆಗಳೇ ಪೆಟ್ಟಿಗೆಯಲ್ಲಿರಬೇಕು. ಕಾಗುಣಿತ, ಒತ್ತಕ್ಷರಗಳೆಲ್ಲ ಇರುವ ಕನ್ನಡಕ್ಕೆ ಇಂಗ್ಲಿಷಿಗಿಂತ ಎಷ್ಟೋ ಪಟ್ಟು ಹೆಚ್ಚು ಮೊಳೆ ಬೇಕಾದುದರಿಂದ, ಸಣ್ಣ ಅಚ್ಚುಕೂಟದವರು ಎರಡು ಮೂರು ಅಳತೆಗಳನ್ನು ಇಟ್ಟುಕೊಂಡರೆ ಅದೇ ಹೆಚ್ಚು. ಸಾಲಿಗೂ ಸಾಲಿಗೂ ನಡುವೆ ಎಡೆ ಬೇಕಾದರೆ ಸೀಸದ ತೆಳುವಾದ ಪಟ್ಟಿಯನ್ನು ಇಡಬೇಕು. ಆದ್ದರಿಂದ ಶೀರ್ಷಿಕೆಗೆ ಒಂದು ಅಳತೆ, ಮೈಬರಹಕ್ಕೆ ಒಂದು ಅಳತೆ ಎಂದು ತಾನಾಗಿಯೇ ಒಂದು ಕಟ್ಟು ಏರ್ಪಟ್ಟಿತ್ತು. ಬಡತನವೇ ಶಿಸ್ತನ್ನು ಕಲಿಸಿತ್ತು. ಕಂಪ್ಯೂಟರು ಆ ಬಡತನವನ್ನು ನೀಗಿಸಿತು. ಶಿಸ್ತನ್ನು ಮಾತ್ರ ನಾವೇ ತಂದುಕೊಳ್ಳಬೇಕಾಯಿತು.

ನಾವು ಪುಟ ಕಟ್ಟುವುದು ಇನ್‌ಡಿಸೈನ್ ಎಂಬ ತಂತ್ರಾಂಶದಲ್ಲಿ. ಇದು 1999ರಲ್ಲಿ ಮೊದಲು ಹೊರಬಂದದ್ದು. ಇದಕ್ಕಿಂತ ಹಿಂದೆ, 1985ರಲ್ಲಿ ಬಂದ ಪೇಜ್‌ಮೇಕರನ್ನು ನಮ್ಮ ಓದುಗರಲ್ಲಿ ಅಚ್ಚಿನ ಕೆಲಸ ಬಲ್ಲವರು ಮರೆತಿರಲಾರರು. ಮೊದಮೊದಲು ನಾವು ಈ ತಂತ್ರಾಂಶದಲ್ಲಿಯೂ ಎಲ್ಲವನ್ನೂ ಕೈಯಿಂದಲೇ ಮಾಡುತ್ತಿದ್ದೆವು. ಒಂದು ಲೇಖನ ಬಂತೆಂದರೆ ಅದರ ಶೀರ್ಷಿಕೆಯನ್ನು ಗುರುತಿಸಿ ದಪ್ಪ ಮಾಡುವುದು, ಲೇಖಕರ ಹೆಸರನ್ನು ಗುರುತಿಸಿ ಬಲಕ್ಕೆ ತಳ್ಳುವುದು, ಪ್ಯಾರಾಗಳನ್ನು ಒಂದೊಂದಾಗಿ ಹಿಡಿದು ಸರಿಪಡಿಸುವುದು. ಅರವತ್ತು ಪುಟ ಮುಗಿಯುವ ಹೊತ್ತಿಗೆ ಮೊದಲ ಪುಟದ ಶೀರ್ಷಿಕೆ ಎಷ್ಟು ದೊಡ್ಡದಿತ್ತೆಂಬುದು ಮರೆತು ಹೋಗಿ, ಕೊನೆಯ ಪುಟದ್ದು ಇನ್ನೊಂದು ಅಳತೆಯಾಗಿರುತ್ತಿತ್ತು.

ಆಗ ನಮ್ಮ ಹುಡುಗಿ, “ಅಂಕಲ್, ಹೀಗೆ ಕೈಯಲ್ಲಿ ಮಾಡಬಾರದು. ಸ್ಟೈಲ್ ಅಂತ ಒಂದು ಇದೆ. ಒಂದು ಸಲ ಹೆಸರಿಟ್ಟು ಹೇಳಿಬಿಟ್ಟರೆ ಆಮೇಲೆ ಅದೇ ನೋಡಿಕೊಳ್ಳುತ್ತದೆ,” ಎಂದಳು.

ಸ್ಟೈಲ್ ಎಂದರೆ ನಮಗೆ ಗೊತ್ತಿದ್ದದ್ದು ಸಿನಿಮಾ ನಟರ ತಲೆಗೂದಲಿನದು. ಅವಳು ತೋರಿಸಿಕೊಟ್ಟದ್ದು ಬೇರೆ. ಒಂದು ಪ್ಯಾರಾ ಹೇಗೆ ಕಾಣಬೇಕೆಂಬ ಎಲ್ಲ ಕಟ್ಟಳೆಗಳನ್ನೂ ಒಂದು ಹೆಸರಿನ ಕೆಳಗೆ ಬರೆದಿಡುವುದು; ಆ ಪ್ಯಾರಾಕ್ಕೆ ಆ ಹೆಸರನ್ನು ಕೊಡುವುದು; ಅಷ್ಟೆ. ‘ಮೈಬರಹ’ ಎಂದು ಹೆಸರಿಟ್ಟೆವು. ಅಕ್ಷರದ ಕುಲ ನೋಟೋ ಸೆರಿಫ್ ಕನ್ನಡ. ಅಳತೆ 12 ಪಾಯಿಂಟು. ಸಾಲಿನಿಂದ ಸಾಲಿಗೆ 18 ಪಾಯಿಂಟು. ಇಂಗ್ಲಿಷಿನವರು ಇಷ್ಟು ಎಡೆ ಬಿಡುವುದಿಲ್ಲ. ಆದರೆ ನಮ್ಮ ಒತ್ತಕ್ಷರಗಳು ಸಾಲಿನ ಕೆಳಗೆ ಕಾಲು ಚಾಚಿ ಕುಳಿತುಕೊಳ್ಳುವವು, ಗುಡಿಸುಗಳು ತಲೆಯ ಮೇಲೆ ಏರುವವು. ಎಡೆ ಕಡಿಮೆಯಾದರೆ ಮೇಲಿನ ಸಾಲಿನ ‘ಷ್ಟ್ರ’ದ ಕಾಲು ಕೆಳಗಿನ ಸಾಲಿನ ‘ಕೀ’ಯ ತಲೆಗೆ ತಗಲುತ್ತದೆ. ಕನ್ನಡದ ಒತ್ತುಗಳು ಒಡೆಯದೆ ಸರಿಯಾಗಿ ಕೂಡಿಕೊಳ್ಳಬೇಕಾದರೆ ಈ ತಂತ್ರಾಂಶದಲ್ಲಿ ವರ್ಲ್ಡ್‌ರೆಡಿ ಕಂಪೋಸರ್ ಎಂಬುದನ್ನು ಆರಿಸಬೇಕು. ಮುಂಚೆ ಅದನ್ನು ಒಂದೊಂದು ಪ್ಯಾರಾಕ್ಕೂ ಕೈಯಿಂದ ಆರಿಸುತ್ತ, ಎಲ್ಲೋ ಒಂದು ಕಡೆ ಮರೆತು, ಅಚ್ಚಾದ ಮೇಲೆ ತಲೆಗೆ ಕೈ ಹಚ್ಚಿಕೊಳ್ಳುತ್ತಿದ್ದೆವು. ಈಗ ಅದನ್ನೂ ‘ಮೈಬರಹ’ದ ಕಟ್ಟಳೆಯಲ್ಲಿಯೇ ಸೇರಿಸಿಬಿಟ್ಟೆವು.

ಒಂದು ಸ್ಟೈಲನ್ನು ಇನ್ನೊಂದರ ಆಧಾರದ ಮೇಲೆ ಕಟ್ಟಬಹುದು. ಇದು ನಮ್ಮ ಹಳೆಯ ಅವಿಭಕ್ತ ಕುಟುಂಬದಂತೆ. ‘ಮೈಬರಹ’ ಯಜಮಾನ, ‘ಮೊದಲ ಪ್ಯಾರಾ’ ಹಿರಿಯ ಮಗ, ಸಾಲಿನ ಆರಂಭದಲ್ಲಿ ಎಡೆ ಬಿಡುವುದಿಲ್ಲವೆಂಬುದೊಂದೇ ಅವನ ವ್ಯತ್ಯಾಸ, ‘ಪದ್ಯ’ ಕಿರಿಯವನು, ಬಲಗಡೆ ಸಾಲು ಸರಿಮಾಡಿಕೊಳ್ಳಲು ಒಪ್ಪದವನು. ಯಜಮಾನ 12ರಿಂದ 12.5 ಪಾಯಿಂಟಿಗೆ ಬೆಳೆದನೆಂದರೆ, ತಮ್ಮದೇ ಬೇರೆ ಅಳತೆ ಹೇಳಿಕೊಳ್ಳದ ಮಕ್ಕಳೆಲ್ಲ ಬೆಳೆಯುತ್ತಾರೆ. ಇಂದಿನ ಸಂಸಾರಗಳಲ್ಲಿ ಕಾಣದ ವಿಧೇಯತೆ ಇಲ್ಲಿ ಕಂಡು ನಮ್ಮ ಹಿರಿಯರಿಗೆ ಬಹಳ ಸಂತೋಷವಾಯಿತು.

ಯಾರಾದರೂ ಈ ಕಟ್ಟಳೆಯನ್ನು ಮೀರಿ ಒಂದೆರಡು ಪದಗಳನ್ನು ಕೈಯಿಂದ ದಪ್ಪಮಾಡಿದ್ದರೆ, ಅಥವಾ ಲೇಖಕರ ಮನೆಯಿಂದ ಬಂದ ಬಣ್ಣ, ಅಡಿಗೆರೆ ಏನಾದರೂ ಅಂಟಿಕೊಂಡಿದ್ದರೆ, ಆ ಜಾಗದಲ್ಲಿ ಕರ್ಸರ್ ಇಟ್ಟಾಗ ಸ್ಟೈಲಿನ ಹೆಸರಿನ ಪಕ್ಕದಲ್ಲಿ ಒಂದು ಕೂಡುವ ಚಿಹ್ನೆ ಕಾಣಿಸುತ್ತದೆ. ‘ಇಲ್ಲಿ ಹೇಳಿದ್ದಕ್ಕಿಂತ ಹೆಚ್ಚಿನದೇನೋ ಇದೆ’ ಎಂದು ಅದರ ಅರ್ಥ. ಅದಕ್ಕೆ ಓವರ್‌ರೈಡ್ ಎನ್ನುತ್ತಾರೆ. ಬರಹವನ್ನು ಗುರುತಿಸಿಕೊಂಡು, ಆಲ್ಟ್ ಕೀಲಿಯನ್ನು ಒತ್ತಿ ಹಿಡಿದು ಸ್ಟೈಲಿನ ಹೆಸರಿನ ಮೇಲೆ ಒಂದು ಸಲ ಕ್ಲಿಕ್ ಮಾಡಿದರೆ, ಕೈಯಿಂದ ಹಚ್ಚಿದ ಬಣ್ಣ, ಗೆರೆ, ದಪ್ಪ ಎಲ್ಲವೂ ಉದುರಿ ಬಿದ್ದು ಬರಹ ಸ್ನಾನ ಮಾಡಿದ ಮಗುವಿನ ಹಾಗೆ ಶುಭ್ರವಾಗಿ ನಿಲ್ಲುತ್ತದೆ. ಕೂಡುವ ಚಿಹ್ನೆ ಮಾಯವಾಗುತ್ತದೆ.

ಈ ವಿದ್ಯೆ ಕೈಗೆ ಬಂದ ದಿನ ನಮಗಾದ ಆನಂದವನ್ನು ಹೇಳಲಾರೆವು. ಹೊಸ ಕಸಬರಿಗೆ ತಂದ ಮನೆಯಲ್ಲಿ ಗುಡಿಸಿದ್ದನ್ನೇ ಮತ್ತೆ ಗುಡಿಸುತ್ತಾರಲ್ಲ, ಹಾಗಾಯಿತು. ಎಲ್ಲಿ ಕೂಡುವ ಚಿಹ್ನೆ ಕಂಡರೂ ಆಲ್ಟ್ ಒತ್ತುವುದೇ. ಕವಿಗಳ ಏಳು ಬಣ್ಣ, ನಿವೃತ್ತ ಅಧಿಕಾರಿಗಳ ಅಡಿಗೆರೆ, ಎಲ್ಲವೂ ಒಂದೇ ಏಟಿಗೆ ಹೋದವು. ಇಪ್ಪತ್ತೇಳು ಸ್ಪೇಸುಗಳು ಮಾತ್ರ ಹೋಗಲಿಲ್ಲ. ಅವು ಉಡುಪಲ್ಲ, ಬರಹದ ಭಾಗವೇ ಆಗಿ ಕುಳಿತುಬಿಟ್ಟಿರುತ್ತವೆ. ಅವನ್ನು ಬೇರೆಯಾಗಿ ಹುಡುಕಿ ಅಳಿಸಬೇಕು. ಆದರೂ ಮೂರು ಭಾನುವಾರದ ಕೆಲಸ ಒಂದೂವರೆಗೆ ಇಳಿಯಿತು. ಕಾರ್ಯದರ್ಶಿಗಳು ಬಂದು ನೋಡಿ ಮೆಚ್ಚಿಕೊಂಡು, ಚಹಾದ ಜೊತೆಗೆ ಬಿಸ್ಕತ್ತನ್ನೂ ಮಂಜೂರು ಮಾಡಿದರು.

ಮೊದಲ ಪೆಟ್ಟು ಬಿದ್ದದ್ದು ನುಡಿಯಲ್ಲಿ ಟೈಪು ಮಾಡಿದ ಹಳೆಯ ಲೇಖನವೊಂದರಿಂದ. ಯೂನಿಕೋಡು ಬಳಕೆಗೆ ಬರುವ ಮುಂಚಿನ ಆ ಫಾಂಟುಗಳಲ್ಲಿ ಕಂಪ್ಯೂಟರಿನ ಹೊಟ್ಟೆಯೊಳಗೆ ಕನ್ನಡವೆಂಬುದೇ ಇರುವುದಿಲ್ಲ. ಒಳಗಿರುವುದೆಲ್ಲ ಇಂಗ್ಲಿಷಿನ ಅಕ್ಷರ ಮತ್ತು ಚಿಹ್ನೆಗಳು, ಮೇಲೆ ಫಾಂಟು ಕನ್ನಡದ ಮುಖವಾಡ ತೊಡಿಸಿರುತ್ತದೆ. ನಾವು ಆ ಫಾಂಟನ್ನೂ ಹೊರಗಿನ ಉಡುಪೆಂದು ತಿಳಿದು ಕಿತ್ತು, ನಮ್ಮ ‘ಮೈಬರಹ’ವನ್ನು ಉಡಿಸಿದೆವು. ತಕ್ಷಣ ಇಡೀ ಲೇಖನ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಯಿತು. ‘ಕನ್ನಡ’ ಎಂಬ ಪದದ ನಡುವೆಯೇ ಬ್ರಿಟಿಷರ ಪೌಂಡಿನ ಚಿಹ್ನೆ ಬಂದು ಕುಳಿತಿತ್ತು! ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಹಿಂದಕ್ಕೆ ಹೋಗುವ ಕೀಲಿ ಒತ್ತಿದೆವು. ಲೇಖನವನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡು ಮುಂದುವರಿದೆವು. ಉಡುಪೆಂದು ಕಂಡದ್ದೆಲ್ಲ ಉಡುಪಲ್ಲ, ಕೆಲವು ಚರ್ಮವೂ ಆಗಿರಬಹುದು ಎಂಬ ಪಾಠವನ್ನು ಆಗಲೇ ಕಲಿಯಬೇಕಿತ್ತು. ಆದರೆ ಕಣ್ಣಿಗೆ ರಾಚುವ ತಪ್ಪು ನಗುವನ್ನು ತರುತ್ತದೆಯೇ ಹೊರತು ಎಚ್ಚರವನ್ನು ತರುವುದಿಲ್ಲ.

ಎಚ್ಚರ ಬಂದದ್ದು 2023ರ ದೀಪಾವಳಿ ಸಂಚಿಕೆಯ ತರುವಾಯ.

ನಮ್ಮ ಸಂಘದಲ್ಲಿ ಎಲ್ಲರೂ ಕಾಕೂ ಎಂದು ಕರೆಯುವ ಒಬ್ಬ ವೃದ್ಧೆಯಿದ್ದಾರೆ. ಧಾರವಾಡದ ಕಡೆಯವರು. ಅವರ ಯಜಮಾನರು 1964ರಲ್ಲಿ ಪರೇಲಿನ ಒಂದು ಗಿರಣಿಯಲ್ಲಿ ಗುಮಾಸ್ತರಾಗಿ ಸೇರಿದವರು. ಖೋಲಿ ಸಿಗುವವರೆಗೆ ಎರಡು ವರ್ಷ ಕಾಕೂ ಊರಲ್ಲಿಯೇ ಇದ್ದರು. ಆ ಎರಡು ವರ್ಷ ಅವರ ಸಂಸಾರ ನಡೆದದ್ದು ಇನ್‌ಲ್ಯಾಂಡ್ ಕಾಗದದ ಮೇಲೆ. ಯಜಮಾನರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಆ ಕಾಗದಗಳನ್ನು ಮತ್ತೆ ತೆಗೆದು ಓದುತ್ತ, ಒಂದೊಂದರ ಸಾಲುಗಳ ಜೊತೆಗೆ ತಮ್ಮ ಮಾತನ್ನೂ ಸೇರಿಸಿ, ಕಾಕೂ ಒಂದು ಲೇಖನ ಬರೆದುಕೊಟ್ಟರು. ಮೊಮ್ಮಗ ಅದನ್ನು ಕಂಪ್ಯೂಟರಿನಲ್ಲಿ ಟೈಪು ಮಾಡಿಕೊಟ್ಟ. ಅಜ್ಜನ ಸಾಲುಗಳೆಲ್ಲ ಓರೆಯಾದ ಅಕ್ಷರದಲ್ಲಿ, ಅಜ್ಜಿಯ ಸಾಲುಗಳು ನೆಟ್ಟಗೆ. ಉದ್ಧರಣ ಚಿಹ್ನೆ ಎಲ್ಲಿಯೂ ಇರಲಿಲ್ಲ. ಓರೆ ಅಕ್ಷರವಿದ್ದ ಮೇಲೆ ಅದರ ಅಗತ್ಯವೂ ಇರಲಿಲ್ಲ.

ಕನ್ನಡದ ಓರೆ ಅಕ್ಷರದ ಕಥೆಯನ್ನು ಇಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ಇಟಾಲಿಕ್ ಎಂದು ಬೇರೆಯಾಗಿಯೇ ಬರೆದ ಅಕ್ಷರಗಳ ಕುಲವೊಂದಿದೆ. ನಮ್ಮ ಕನ್ನಡ ಫಾಂಟುಗಳಲ್ಲಿ ಬಹುಪಾಲಿಗೆ ಅದು ಇಲ್ಲ. ಮೊಮ್ಮಗ ಬಳಸಿದ್ದ ತುಂಗಾ ಫಾಂಟಿನಲ್ಲಿಲ್ಲ, ನಾವು ಬಳಸುವ ನೋಟೋದಲ್ಲಿಯೂ ಇಲ್ಲ. ಮನೆಯಲ್ಲಿ ಟೈಪು ಮಾಡುವ ವರ್ಡ್ ತಂತ್ರಾಂಶ ಇದ್ದ ಅಕ್ಷರವನ್ನೇ ಒಂದು ಕಡೆಗೆ ವಾಲಿಸಿ ತೋರಿಸಿಬಿಡುತ್ತದೆ. ಇನ್‌ಡಿಸೈನ್ ಹಾಗೆ ಮಾಡುವುದಿಲ್ಲ. ‘ಇಂಥ ಅಕ್ಷರ ನನ್ನಲ್ಲಿಲ್ಲ’ ಎಂದು ಆ ಸಾಲುಗಳ ಹಿಂದೆ ಗುಲಾಬಿ ಬಣ್ಣ ಬಳಿದು ಎಚ್ಚರಿಸುತ್ತದೆ. ಕಾಕೂ ಅವರ ಲೇಖನವನ್ನು ಪುಟಕ್ಕೆ ತಂದಾಗಲೂ ಅಲ್ಲಲ್ಲಿ ಗುಲಾಬಿಯ ಪಟ್ಟೆಗಳು ಕಂಡವು. ದೀಪಾವಳಿಗೆ ಹತ್ತು ದಿನ ಉಳಿದಿತ್ತು; ಅಚ್ಚಿನವರು ದಿನಕ್ಕೆರಡು ಸಲ ಫೋನು ಮಾಡುತ್ತಿದ್ದರು. ನಾವು ಆ ಗುಲಾಬಿಯನ್ನೂ ಕೂಡುವ ಚಿಹ್ನೆಯನ್ನೂ ನೋಡಿ, ಇದೂ ಒಂದು ಕೊಳೆಯೆಂದು ಬಗೆದು, ಲೇಖನವನ್ನು ಪೂರ್ತಿ ಗುರುತಿಸಿ ಆಲ್ಟ್ ಒತ್ತಿದೆವು. ಪುಟ ಶುಭ್ರವಾಯಿತು.

ಕರಡು ತಿದ್ದಲಿಲ್ಲವೆ ಎಂದು ಓದುಗರು ಕೇಳಬಹುದು. ತಿದ್ದಿದೆವು. ಅಲ್ಪಪ್ರಾಣ ಮಹಾಪ್ರಾಣ ನೋಡಿದೆವು, ದೀರ್ಘ ನೋಡಿದೆವು, ಒತ್ತು ನೋಡಿದೆವು. ಒಂದಕ್ಷರವೂ ತಪ್ಪಿರಲಿಲ್ಲ. ಮೂಲವನ್ನು ಪಕ್ಕದಲ್ಲಿಟ್ಟುಕೊಂಡು ನೋಡಲಿಲ್ಲ, ಅಷ್ಟೆ.

ಕಾಕೂ ಬರೆದದ್ದು ಹೀಗಿತ್ತು. ಯಜಮಾನರ ಕಾಗದದಲ್ಲಿ: ನನ್ನ ಚಿಂತೆ ಮಾಡಬೇಡ, ಖಾನಾವಳಿಯ ಊಟ ಚೆನ್ನಾಗಿದೆ, ಎರಡು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತೇನೆ. ಅದರ ಮುಂದೆ ಕಾಕೂ ಅವರ ಮಾತು: ಇದು ಸುಳ್ಳು, ಒಂದೇ ಹೊತ್ತು ಉಂಡು ದುಡ್ಡು ಉಳಿಸಿ ನನಗೆ ಕಳಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಇನ್ನೊಂದು ಕಡೆ ಯಜಮಾನರದು: ಈ ತಿಂಗಳು ಊರಿಗೆ ಬರಲಾರೆ, ಸಿಟ್ಟಾಗಬೇಡ. ಕಾಕೂ ಅವರದು: ಸಿಟ್ಟು ಬಂದಿತ್ತು, ಎರಡು ತಿಂಗಳು ಉತ್ತರವನ್ನೇ ಬರೆಯಲಿಲ್ಲ.

ನಮ್ಮ ಪತ್ರಿಕೆಯಲ್ಲಿ ಅಚ್ಚಾದದ್ದು ಹೀಗೆ: ‘ನನ್ನ ಚಿಂತೆ ಮಾಡಬೇಡ, ಖಾನಾವಳಿಯ ಊಟ ಚೆನ್ನಾಗಿದೆ, ಎರಡು ಹೊತ್ತೂ ಹೊಟ್ಟೆ ತುಂಬ ಉಣ್ಣುತ್ತೇನೆ. ಇದು ಸುಳ್ಳು, ಒಂದೇ ಹೊತ್ತು ಉಂಡು ದುಡ್ಡು ಉಳಿಸಿ ನನಗೆ ಕಳಿಸುತ್ತಿದ್ದರೆಂದು ಆಮೇಲೆ ತಿಳಿಯಿತು. ಈ ತಿಂಗಳು ಊರಿಗೆ ಬರಲಾರೆ, ಸಿಟ್ಟಾಗಬೇಡ. ಸಿಟ್ಟು ಬಂದಿತ್ತು, ಎರಡು ತಿಂಗಳು ಉತ್ತರವನ್ನೇ ಬರೆಯಲಿಲ್ಲ.’ ಯಾರು ಉಂಡರು, ಯಾರು ಉಪವಾಸವಿದ್ದರು, ಯಾರು ಸಿಟ್ಟಾದರು ಎಂಬುದು ದೇವರಿಗೇ ಗೊತ್ತು. ಅರವತ್ತು ವರ್ಷದ ಹಿಂದೆ ಊರಿಗೂ ಮುಂಬಯಿಗೂ ನಡುವೆ ನಡೆದ ಮಾತುಕತೆಯನ್ನು ನಾವು ಒಬ್ಬರೇ ಗೊಣಗಿಕೊಂಡಂತೆ ಮಾಡಿಬಿಟ್ಟಿದ್ದೆವು.

ನಮಗೆ ಇದು ತಿಳಿದದ್ದು ಒಬ್ಬ ಸದಸ್ಯರ ಫೋನಿನಿಂದ. “ಲೇಖನ ಬಹಳ ಚೆನ್ನಾಗಿದೆ. ಆದರೆ ಕಾಕೂ ಮದುವೆಗೆ ಮುಂಚೆಯೇ ಮುಂಬಯಿಗೆ ಬಂದು ಖಾನಾವಳಿಯಲ್ಲಿ ಊಟ ಮಾಡುತ್ತಿದ್ದರೆ?” ಎಂದು ಅವರು ಕೇಳಿದರು. ಮೂಲವನ್ನು ತೆಗೆದು ನೋಡಿದೆವು. ಓರೆ ಅಕ್ಷರಗಳು ನಮ್ಮನ್ನು ಓರೆಗಣ್ಣಿನಿಂದ ನೋಡಿದಂತಾಯಿತು. ಪತ್ರಿಕೆ ಆಗಲೇ ಅಂಚೆಯಲ್ಲಿ ಹೊರಟುಹೋಗಿತ್ತು. ಕಂಪ್ಯೂಟರಿನಲ್ಲಿ ಹಿಂದಕ್ಕೆ ಹೋಗುವ ಕೀಲಿಯಿದೆ. ಅಂಚೆಯ ಪೆಟ್ಟಿಗೆಗೆ ಅಂಥ ಕೀಲಿಯಿಲ್ಲ.

ಮುಂದಿನ ಭಾನುವಾರ ಮೂವರೂ ಕಾಕೂ ಅವರ ಮನೆಗೆ ಹೋದೆವು. ಬಾಗಿಲು ತೆರೆದವರು ಅವರೇ.

“ಬರ್ರಿ, ಒಳಗ ಬರ್ರಿ. ಬಿಸಲಾಗ ಬಂದೀರಿ, ಮೊದಲ ನೀರು ಕುಡೀರಿ,” ಎಂದರು.

ಪತ್ರಿಕೆ ಮೇಜಿನ ಮೇಲೆಯೇ ಇತ್ತು. ಅದರ ಪುಟಗಳ ಮೇಲೆ ಪೆನ್ಸಿಲಿನ ಗೆರೆಗಳು. ಯಜಮಾನರ ಸಾಲುಗಳ ಕೆಳಗೆಲ್ಲ ಕಾಕೂ ಕೈಯಿಂದಲೇ ಅಡಿಗೆರೆ ಎಳೆದುಕೊಂಡಿದ್ದರು. ಅಡಿಗೆರೆ ಎಳೆಯುವವರನ್ನು ನಾವು ಎಷ್ಟು ನಕ್ಕಿದ್ದೆವೆಂಬುದು ಆಗ ನೆನಪಾಯಿತು.

“ಕಾಕೂ, ನಮ್ಮಿಂದ ದೊಡ್ಡ ತಪ್ಪಾಯಿತು,” ಎಂದು ನಮ್ಮ ಹಿರಿಯರು ಶುರುಮಾಡಿದರು.

“ಸಿಟ್ಟೇನಿಲ್ಲ ತಮ್ಮಾ,” ಎಂದರು ಕಾಕೂ. “ಅವರು ಹೋದ ಮ್ಯಾಲೆ ಮನ್ಯಾಗ ನಂದಽ ಒಂದು ದನಿ ಆಗ್ಯದ. ಈ ಲೇಖನದಾಗರೆ ಅವರ ದನಿ ಬ್ಯಾರೆ ಕೇಳ್ಲಿ ಅಂತ ಆ ಓರೆ ಅಕ್ಷರ ಮಾಡ್ಸಿದ್ದೆ. ನೀವು ಅದನ್ನೂ ನಂದಽ ಮಾಡಿಬಿಟ್ರಿ.”

ನಮಗೆ ಉತ್ತರ ತೋಚಲಿಲ್ಲ. ಅವರು ಎದ್ದು ಚಹಾ ಮಾಡಲು ಹೋದರು. ನಮ್ಮ ಹುಡುಗಿ ಅವರ ಹಿಂದೆಯೇ ಅಡಿಗೆಮನೆಗೆ ಹೋದಳು. ಅಲ್ಲಿ ಏನು ಮಾತಾಯಿತೋ ಕಾಣೆವು, ಬರುವಾಗ ಅವಳ ಕಣ್ಣು ಕೆಂಪಾಗಿತ್ತು. ಮುಂದಿನ ಸಂಚಿಕೆಯಲ್ಲಿ ಲೇಖನವನ್ನು ಪೂರ್ತಿಯಾಗಿ ಮತ್ತೆ ಅಚ್ಚುಮಾಡುತ್ತೇವೆ, ಕರಡನ್ನು ಮೊದಲು ಅವರಿಗೇ ತಂದು ತೋರಿಸುತ್ತೇವೆ ಎಂದು ಮಾತು ಕೊಟ್ಟು ಬಂದೆವು.

ಹಿಂದಿರುಗುವಾಗ ಲೋಕಲಿನಲ್ಲಿ ಒಂದು ಪ್ರಶ್ನೆ ಹುಟ್ಟಿತು. ಇನ್ನು ಮೇಲೆ ಯಾವುದನ್ನೂ ಅಳಿಸುವುದೇ ಬೇಡವೆ? ಏಳು ಬಣ್ಣದ ಕವಿತೆಗಳನ್ನೂ ಅಡಿಗೆರೆಗಳನ್ನೂ ಬಂದ ಹಾಗೆಯೇ ಬಿಟ್ಟುಬಿಡುವುದೆ? ನೆಗಡಿ ಬಂತೆಂದು ಮೂಗನ್ನೇ ಕೊಯ್ದುಕೊಳ್ಳಲಾಗುವುದಿಲ್ಲ. ನಮ್ಮ ಮನೆಗಳಲ್ಲಿ ಅಜ್ಜಿಯರು ಮೊರದಲ್ಲಿ ಕೇರುತ್ತಿದ್ದುದನ್ನು ನಾವೆಲ್ಲ ಕಂಡಿದ್ದೇವೆ. ಹೊಟ್ಟು ಹಾರುತ್ತದೆ, ಕಾಳು ಉಳಿಯುತ್ತದೆ. ಕಾಳಿಗೆ ತೂಕವಿರುವುದರಿಂದ ಉಳಿಯುತ್ತದೆ. ಬರಹದಲ್ಲಿ ಯಾವುದು ಹಾರಬಾರದೋ ಅದಕ್ಕೆ ನಾವು ಮೊದಲು ತೂಕ ಕೊಡಬೇಕು. ಈ ತಂತ್ರಾಂಶದಲ್ಲಿ ಹಾಗೆ ತೂಕ ಕೊಡುವ ಉಪಾಯ ಇದ್ದೇ ಇತ್ತು. ನಾವು ಅದನ್ನು ಬಳಸಿರಲಿಲ್ಲ.

ಪ್ಯಾರಾಕ್ಕೆ ಸ್ಟೈಲ್ ಇರುವಂತೆಯೇ, ಪ್ಯಾರಾದೊಳಗಿನ ಒಂದು ಮಾತಿಗೆ ಅಥವಾ ಸಾಲಿಗೆ ಅಕ್ಷರದ ಸ್ಟೈಲ್ ಎಂದು ಬೇರೆ ಇದೆ. ಅದರಲ್ಲಿ ಎಲ್ಲವನ್ನೂ ಹೇಳಬೇಕಾಗಿಲ್ಲ. ವ್ಯತ್ಯಾಸವಾಗುವುದೆಷ್ಟೋ ಅಷ್ಟನ್ನು ಮಾತ್ರ ಹೇಳಿ, ಉಳಿದದ್ದನ್ನು ಖಾಲಿ ಬಿಟ್ಟರೆ, ಅದು ಪ್ಯಾರಾದಿಂದಲೇ ಪಡೆದುಕೊಳ್ಳುತ್ತದೆ. ಮುಖ್ಯವಾದ ಮಾತೆಂದರೆ, ಓವರ್‌ರೈಡುಗಳನ್ನು ಅಳಿಸಿದಾಗ ಕೈಯಿಂದ ಹಚ್ಚಿದ್ದೆಲ್ಲ ಹೋದರೂ ಅಕ್ಷರದ ಸ್ಟೈಲಿನ ಹೆಸರು ಪಡೆದದ್ದು ಹೋಗುವುದಿಲ್ಲ. ಆಲ್ಟಿನ ಜೊತೆಗೆ ಶಿಫ್ಟನ್ನೂ ಒತ್ತಿದರೆ ಮಾತ್ರ ಅದೂ ಹೋಗುತ್ತದೆ; ಆ ಕೀಲಿಯ ಹತ್ತಿರ ಹೋಗುವುದಿಲ್ಲವೆಂದು ನಾವು ಆಣೆ ಮಾಡಿದ್ದೇವೆ. ಕೈಯಿಂದ ಓರೆ ಮಾಡಿದ್ದು, ಹೆಸರಿಟ್ಟು ಓರೆ ಮಾಡಿದ್ದು, ಕಣ್ಣಿಗೆ ಎರಡೂ ಒಂದೇ. ಆದರೆ ಯಂತ್ರಕ್ಕೆ ಮೊದಲನೆಯದು ಯಾರೋ ಹಚ್ಚಿ ಹೋದ ಬಣ್ಣ. ಎರಡನೆಯದು ಬೇಕೆಂದೇ ಇಟ್ಟದ್ದು.

ಆದುದರಿಂದ ಈಗ ನಮ್ಮ ಕ್ರಮ ಹೀಗಿದೆ. ಲೇಖನ ಬಂದ ಕೂಡಲೇ ಅದು ಉಟ್ಟುಬಂದ ಉಡುಪಿನಲ್ಲಿಯೇ ಒಂದು ಸಲ ಮುದ್ರಿಸಿಕೊಂಡು ಕೂತು ಓದುತ್ತೇವೆ. ಎಲ್ಲೆಲ್ಲಿ ಓರೆ, ದಪ್ಪ, ಅಡಿಗೆರೆ ಇದೆಯೋ ಅಲ್ಲೆಲ್ಲ ‘ಇದು ಏಕೆ?’ ಎಂದು ಕೇಳಿಕೊಳ್ಳುತ್ತೇವೆ. ಬರಿಯ ಸಿಂಗಾರಕ್ಕಾದರೆ ಬಿಟ್ಟುಬಿಡುತ್ತೇವೆ. ಏನನ್ನಾದರೂ ಹೇಳಲು ಹಾಗೆ ಮಾಡಿದ್ದರೆ ಅದಕ್ಕೊಂದು ಹೆಸರು ಕೊಡುತ್ತೇವೆ: ‘ಪುಸ್ತಕದ ಹೆಸರು’, ‘ಒತ್ತಿ ಹೇಳಿದ ಮಾತು’, ‘ಬೇರೆಯವರ ಮಾತು’. ಸಂಶಯ ಬಂದರೆ ಲೇಖಕರಿಗೆ ಫೋನು ಮಾಡುತ್ತೇವೆ. ಆಮೇಲೆ ಹುಡುಕು-ಬದಲಿಸು ಎಂಬ ಸೌಕರ್ಯದಲ್ಲಿ ಪದವನ್ನು ಹುಡುಕುವ ಬದಲು ರೂಪವನ್ನೇ ಹುಡುಕಿಸಿ, ಓರೆ ಇದ್ದಲ್ಲೆಲ್ಲ ತಕ್ಕ ಸ್ಟೈಲನ್ನು ಕೊಡುತ್ತೇವೆ. ಇಷ್ಟಾದ ಮೇಲೆಯೇ ಆಲ್ಟ್ ಒತ್ತುವುದು. ಮೊದಲು ಹೆಸರು, ಆಮೇಲೆ ಕಸಬರಿಗೆ.

ಹೆಸರಿಡುವಾಗಲೂ ಒಂದು ಸೂಕ್ಷ್ಮವುಂಟು. ಮೊದಲು ನಾವು ‘ಓರೆ’ ಎಂದು ಹೆಸರಿಡಲು ಹೊರಟಿದ್ದೆವು. ನಮ್ಮ ಫಾಂಟಿನಲ್ಲಿ ಓರೆಯೇ ಇಲ್ಲದ ಮೇಲೆ ಆ ಹೆಸರಿಗೇನು ಅರ್ಥ? ಅದು ಹೇಗೆ ಕಾಣುತ್ತದೆ ಎಂಬುದನ್ನು ಬಿಟ್ಟು, ಅದು ಏನು ಎಂಬುದನ್ನು ಹೆಸರಾಗಿಟ್ಟರೆ, ರೂಪವನ್ನು ನಾಳೆ ಬದಲಾಯಿಸಿಕೊಳ್ಳಬಹುದು. ಕಾಕೂ ಅವರ ಲೇಖನಕ್ಕೆ ಹಾಗೆಯೇ ಮಾಡಿದೆವು. ಯಜಮಾನರ ಉದ್ದನೆಯ ಸಾಲುಗಳನ್ನೆಲ್ಲ ಬೇರೆ ಪ್ಯಾರಾಗಳಾಗಿ ಬಿಡಿಸಿ ‘ಕಾಗದ’ ಎಂಬ ಸ್ಟೈಲ್ ಕೊಟ್ಟೆವು: ಎಡಗಡೆ ಎಡೆ ಬಿಟ್ಟು, ನೋಟೋ ಸ್ಯಾನ್ಸ್ ಎಂಬ ಬೇರೆ ಕುಲದ ಅಕ್ಷರದಲ್ಲಿ, 11 ಪಾಯಿಂಟು. ಕಾಕೂ ತಮ್ಮ ಮಾತಿನ ನಡುವೆ ಅಲ್ಲಲ್ಲಿ ಹೇಳಿದ ಯಜಮಾನರ ಒಂದೊಂದು ಪದಕ್ಕೆ ‘ಕಾಗದದ ಮಾತು’ ಎಂಬ ಅಕ್ಷರದ ಸ್ಟೈಲ್ ಕೊಟ್ಟೆವು. ಕಾಗದದ ಸಾಲುಗಳು ಒಟ್ಟು ಹದಿನಾಲ್ಕು ಕಡೆ ಇದ್ದವು. ಅಳಿಸುವ ಮುಂಚೆ ಎಣಿಸಿದೆವು; ಅಳಿಸಿದ ಮೇಲೆ ಮತ್ತೆ ಎಣಿಸಿದೆವು.

ಕರಡನ್ನು ತೆಗೆದುಕೊಂಡು ಮತ್ತೆ ಕಾಕೂ ಅವರ ಮನೆಗೆ ಹೋದೆವು. ಅವರು ಕನ್ನಡಕ ಹಾಕಿಕೊಂಡು, ಬೆರಳಿಟ್ಟುಕೊಂಡು, ಮೊದಲಿನಿಂದ ಕೊನೆಯವರೆಗೆ ಓದಿದರು. ನಾವು ಪರೀಕ್ಷೆಯ ಫಲಿತಾಂಶಕ್ಕೆ ಕಾದ ಹುಡುಗರಂತೆ ಕುಳಿತಿದ್ದೆವು.

“ಈಗ ಅವರು ಬ್ಯಾರೆ, ನಾ ಬ್ಯಾರೆ. ಛೊಲೋ ಆತು,” ಎಂದರು. ನಾವು ನಿಟ್ಟುಸಿರು ಬಿಡುವಷ್ಟರಲ್ಲಿ, “ಆದ್ರ ತಮ್ಮಾ, ಅವರ ಅಕ್ಷರ ಸಣ್ಣ ಮಾಡೀರಲ್ಲ?” ಎಂದರು. ಒಳಗೆ ಹೋಗಿ ಒಂದು ಡಬ್ಬಿಯಿಂದ ನೀಲಿಯ ಕಾಗದವೊಂದನ್ನು ತಂದು ನಮ್ಮ ಮುಂದೆ ಬಿಚ್ಚಿದರು. “ನೋಡ್ರಿ. ಅವರು ಹಿಂಗ ದೊಡ್ಡ ದೊಡ್ಡ ಅಕ್ಷರ ಬರೀತಿದ್ರು. ಒಂದು ಇನ್‌ಲ್ಯಾಂಡ್‌ನಾಗ ಎಂಟು ಮಾತು ಹಿಡೀತಿರಲಿಲ್ಲ. ಇಷ್ಟಽ ಯಾಕ ಬರದೀರಿ ಅಂತ ನಾ ಜಗಳಾ ತಗೀತಿದ್ದೆ.”

ಸಂಘದ ಕೋಣೆಗೆ ಹಿಂದಿರುಗಿ ‘ಕಾಗದ’ ಎಂಬ ಸ್ಟೈಲನ್ನು ತೆರೆದೆವು. 11 ಇದ್ದಲ್ಲಿ 13 ಎಂದು ಬರೆದೆವು. ಹದಿನಾಲ್ಕು ಕಡೆಯಲ್ಲಿಯೂ ಯಜಮಾನರ ಅಕ್ಷರಗಳು ಒಮ್ಮೆಗೇ ದೊಡ್ಡವಾದವು; ಕಾಕೂ ಅವರ ಮಾತುಗಳು ಇದ್ದ ಹಾಗೆಯೇ ಇದ್ದವು. ಲೇಖನ ತನ್ನ ಪುಟಗಳನ್ನು ಮೀರಿ ಎಂಟು ಸಾಲು ಮುಂದಕ್ಕೆ ಹರಿಯಿತು. ಅದಕ್ಕೆ ಜಾಗ ಮಾಡಲು ಮುಂದಿನ ಪುಟದಲ್ಲಿದ್ದ ನಮ್ಮ ಸಂಪಾದಕೀಯದಿಂದ ಎಂಟು ಸಾಲುಗಳನ್ನು ತೆಗೆದುಹಾಕಿದೆವು. ಸಂಚಿಕೆ ಹೊರಬಂದ ಮೇಲೆ ಕಾಕೂ ಅವರ ಲೇಖನದ ಬಗ್ಗೆ ಅನೇಕರು ಫೋನು ಮಾಡಿದರು. ಸಂಪಾದಕೀಯ ಚಿಕ್ಕದಾಯಿತೆಂದು ಯಾರೂ ದೂರಲಿಲ್ಲ.